ಮಖಮಲ್ಲಿನ ಗವಸು

ಐರಣಿಯಿಂದ ರಾಣೇಬೆನ್ನೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಹೊಳಿಯವ್ವ ನಿಂತುಕೊಂಡೇ ನಿದ್ದೆ ಮಾಡುತ್ತಿದ್ದಳು. ಇದು ಯಾರೋ ಹೇಳಿದ್ದಲ್ಲ, ನಾನೇ ಕಂಡದ್ದು. ಒಂದು ಕೈ ಮೇಲಿನ ಕಂಬಿ ಹಿಡಿದಿರುತ್ತಿತ್ತು. ಇನ್ನೊಂದು ಕೈಯ ಬೆರಳುಗಳು ಸೀರೆಯ ನೆರಿಗೆಯ ಮೇಲೆ ತಮ್ಮಷ್ಟಕ್ಕೆ ತಾವು ಅಲ್ಲಾಡುತ್ತಿದ್ದವು. ನಿದ್ದೆಯಲ್ಲಿಯೂ ಆಕೆ ಟೈಪು ಮಾಡುತ್ತಿದ್ದಳು. ಊರು ಬಂದ ಮೇಲೆ ಕಂಡಕ್ಟರ್ "ಅಕ್ಕಾರ, ಏಳ್ರಿ, ಇಳಿಯೂದು ಬಂತು" ಎಂದು ಎಬ್ಬಿಸಬೇಕಾಗುತ್ತಿತ್ತು.

ನಾನು ಡಾಕಪ್ಪ. ಸ್ಟೇಶನ್ ರಸ್ತೆಯ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಎದುರಿನ ಉದ್ದನೆಯ ಕೋಣೆಯಲ್ಲಿ ಮೈಲಾರೆಪ್ಪ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟು. ಮುಂಜಾನೆಯಿಂದ ಸಂಜೆಯ ತನಕ ಅಲ್ಲಿಯ ಖಟಖಟ ಕೇಳಿಯೇ ನನಗೆ ಸಿಟ್ಟು ಹೆಚ್ಚಾಗಿದೆ ಎಂದು ಹೆಂಡತಿಗೆ ಹೇಳುತ್ತಿರುತ್ತೇನೆ. ಆಕೆ ಒಪ್ಪುವುದಿಲ್ಲ. ಟೈಪ್‌ರೈಟರ್ ಇಲ್ಲದ ಮನೆಯಲ್ಲಿ ಯಾಕೆ ಸಿಟ್ಟು ಬರುತ್ತದೆ ಎಂದು ಕೇಳುತ್ತಾಳೆ.

ಹೊಳಿಯವ್ವನ ಅಪ್ಪ ಐರಣಿಯಲ್ಲಿ ಹರಿಗೋಲು ಹಾಕುತ್ತಿದ್ದ. ತುಂಗಭದ್ರೆ ದಡ ಮೀರಿ ಹರಿಯುತ್ತಿದ್ದ ದಿನ ಮಗಳು ಹುಟ್ಟಿದಳೆಂದು ಹೊಳೆಯ ಹೆಸರನ್ನೇ ಇಟ್ಟ. ಪಿಯುಸಿ ಮುಗಿಸಿದ ಮೇಲೆ ಆಕೆ ಟೈಪಿಂಗ್ ಕಲಿಯಲು ಮಾಸ್ತರರ ಕಡೆ ಬಂದಳು. ಅಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ಕೀಲಿಗಳನ್ನು ನೋಡಿ ನೋಡಿ ಹೊಡೆಯುತ್ತಾರೆಂದು ಮಾಸ್ತರರು ಅವರ ಕೈಗಳ ಮೇಲೆ ಒಂದು ಟವೆಲ್ಲು ಹೊದಿಸುತ್ತಿದ್ದರು. "ಕೆಳಗ ನೋಡಬ್ಯಾಡ" ಎಂದು ಹಿಂದೆ ನಿಂತು ಹೇಳುತ್ತಿದ್ದರು. ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ, ನನ್ನ ಅಂಗಡಿಗೆ ಬಂದ ಗಿರಾಕಿಗಳೂ ಒಮ್ಮೊಮ್ಮೆ ಬೆಚ್ಚಿ ತಲೆ ಎತ್ತುತ್ತಿದ್ದರು.

ಉಳಿದವರಿಗೆ ತಿಂಗಳುಗಟ್ಟಲೆ ಬೇಕಾದ ಟವೆಲ್ಲನ್ನು ಹೊಳಿಯವ್ವ ಬಲು ಬೇಗ ಬಿಡಿಸಿಕೊಂಡಳು. ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಸೀನಿಯರ್ ಪಾಸಾದಳು. ಪಾಸಾದವರು ಕೋರ್ಟು, ಬ್ಯಾಂಕು, ಮಿಲ್ಲು ಎಂದು ಚದುರಿಹೋದರು. ಆಕೆಯನ್ನು ಮಾತ್ರ ಮಾಸ್ತರರು ಕಲಿಸಲು ಇಟ್ಟುಕೊಂಡರು. ಮುಂದೆ ಎರಡು ಸಲ ಬೇರೆ ಕೆಲಸದ ಕರೆ ಬಂದಿತ್ತು. ಎರಡೂ ಸಲ ಮಾಸ್ತರರದು ಒಂದೇ ಮಾತು: "ಜೂನಿಯರ್ ಪರೀಕ್ಷಾ ಹತ್ರ ಬಂದೈತಿ ಹೊಳಿಯವ್ವ. ಅದೊಂದು ಮುಗೀಲಿ, ಆಮ್ಯಾಲ ನೋಡೂಣಂತ." ಪರೀಕ್ಷೆ ಮುಗಿಯುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿರುತ್ತಿತ್ತು. ಆಕೆ ಎದುರು ಮಾತಾಡಲಿಲ್ಲ. ಮನೆಯಲ್ಲಿ ಅವ್ವ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಪ್ಪ ತೀರಿಹೋಗಿದ್ದ. ಎದ್ದು ರೊಟ್ಟಿ ಬಡಿದು, ಅವ್ವನನ್ನು ತೊಳೆದು, ಬಸ್ಸು ಹಿಡಿದು ಬಂದು, ಸಂಜೆ ತಿರುಗಿ ಹೋಗಿ ಮತ್ತೆ ಅದನ್ನೇ ಮಾಡುವವರಿಗೆ ಜಗಳಾಡಲು ತ್ರಾಣ ಎಲ್ಲಿರುತ್ತದೆ? ಆಕೆಯ ಪರವಾಗಿ ಸಿಟ್ಟು ಮಾಡಿಕೊಳ್ಳುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಅದರಿಂದ ಆಕೆಗೇನೂ ಲಾಭವಾಗಲಿಲ್ಲ.

ಮಾಸ್ತರರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅವರದು ಜೋಪಾನದ ಸ್ವಭಾವ. ಟೈಪ್‌ರೈಟರುಗಳ ನಡುವೆಯೇ ಕೂದಲು ಬೆಳ್ಳಗಾದವರು ಅವರು. ಹೊಡೆದು ಹೊಡೆದು ಅಕ್ಷರ ಮೊಂಡಾಗುವುದನ್ನು, ರಿಬ್ಬನ್ನು ಹರಿಯುವುದನ್ನು, ಸ್ಪ್ರಿಂಗು ಸಡಿಲಾಗುವುದನ್ನು ನೋಡಿದ್ದರು. "ಯಂತ್ರ ಅಂದಮ್ಯಾಲ ಬಳಸಿದಷ್ಟು ಸವೀತೈತಿ" ಎನ್ನುತ್ತಿದ್ದರು. ದಿನವೂ ಸಂಜೆ ಒಂದೊಂದಕ್ಕೂ ಗವಸು ಹಾಕಿಸಿ, ಶನಿವಾರಕ್ಕೊಮ್ಮೆ ಸೀಮೆಎಣ್ಣೆಯಲ್ಲಿ ಬ್ರಶ್ಶು ಅದ್ದಿ ಒರೆಸಿಸುತ್ತಿದ್ದರು. ಹಾಗೆ ನೋಡಿಕೊಂಡದ್ದಕ್ಕೇ ಅಷ್ಟು ಹಳೆಯ ಯಂತ್ರಗಳು ಇನ್ನೂ ನಡೆಯುತ್ತಿದ್ದವು, ಅದೂ ನಿಜ.

ಇಂಥವರು ಕಂಪ್ಯೂಟರ್ ಕೊಂಡರು. ಊರಲ್ಲಿ ಕಂಪ್ಯೂಟರ್ ಸೆಂಟರುಗಳಾಗಿ ಹುಡುಗರು ಅತ್ತ ಹೊರಳತೊಡಗಿದ್ದರು. ಮಾಸ್ತರರು ಹುಬ್ಬಳ್ಳಿಗೆ ಹೋಗಿ ಯಾವುದೋ ಕಂಪನಿ ಬಳಸಿ ಬಿಟ್ಟದ್ದನ್ನು ತಂದರು. ಹೊರಗಿನ ಬೋರ್ಡಿಗೆ 'ಮತ್ತು ಕಂಪ್ಯೂಟರ್' ಎಂದು ಬರೆಸಿದರು. ಪೂಜೆಯಾಯಿತು, ಕಾಯಿ ಒಡೆದದ್ದಾಯಿತು. ಅವರ ಹೆಂಡತಿ ಕೆಂಪು ಮಖಮಲ್ಲಿನಲ್ಲಿ ಜರಿಯಂಚು ಹಚ್ಚಿ ಅದಕ್ಕೊಂದು ಗವಸು ಹೊಲಿದುಕೊಟ್ಟರು. ಶುಕ್ರವಾರ ಪೂಜೆ ಮಾಡಿ ಗವಸು ತೆಗೆಯುವುದು, ಹೊಳಿಯವ್ವ ಒಬ್ಬಳೇ ತುಸು ಹೊತ್ತು ಕುಳಿತು ಟೈಪು ಮಾಡುವುದು, ಆರಿಸಿ ಮತ್ತೆ ಮುಚ್ಚುವುದು, ಇದು ನಿಯಮವಾಯಿತು. ಜೊತೆಗೆ ಬಂದ ಪುಸ್ತಕ ಓದಿ ಆಕೆ ತಾನೇ ಕಲಿತಿದ್ದಳು. ಮಾಸ್ತರರು ಅದನ್ನು ಮುಟ್ಟುತ್ತಿರಲಿಲ್ಲ. "ನನಗ ಬ್ಯಾಡವಾ, ಏನರ ಆಗಿ ಬಿಟ್ಟರ?" ಎಂದು ದೂರ ನಿಲ್ಲುತ್ತಿದ್ದರು.

"ಮಾಸ್ತರ್ರ, ಮದುಮಗಳ ಮುಸುಕು ಯಾವಾಗ ತಗೀತೀರಿ?" ಎಂದು ನಾನು ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುತ್ತಿದ್ದೆ.

"ನಿನ್ನ ಝೆರಾಕ್ಸ್ ಮಶೀನ್ ನೋಡಿಕೋ ಹೋಗು. ಅರ್ಧಾ ಪುಟ ಕರ್ರಗ ಬರ್ತೈತಿ" ಎನ್ನುತ್ತಿದ್ದರು. ಅದೂ ನಿಜವೇ.

ಮಳೆಗಾಲದಲ್ಲಿ ಸಿಡಿಲಿನ ಹೆದರಿಕೆಗೆ ಶುಕ್ರವಾರದ ಆ ತುಸು ಹೊತ್ತೂ ನಿಂತಿತು. ದೀಪಾವಳಿಗೆ ಒಮ್ಮೆ ಹಚ್ಚಿದರು. ಆಮೇಲೆ ಕರೆಂಟು ಸರಿಯಿಲ್ಲ, ಏರಿಳಿತ ಬಹಳ ಎಂಬ ನೆಪ. ಕಡೆಗೆ ಕುಂಕುಮ, ಹೂವು ಎಲ್ಲ ಗವಸಿನ ಮೇಲೆಯೇ ಏರತೊಡಗಿದವು. ಒಳಗೆ ಕಂಪ್ಯೂಟರ್ ಇದೆಯೋ ಇಲ್ಲವೋ ಯಾರು ನೋಡಬೇಕು?

ಅಷ್ಟರಲ್ಲಿ ಹಾವೇರಿ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು, ಹೊಸ ಹುದ್ದೆಗಳು. ಬೆರಳಚ್ಚುಗಾರರು ಬೇಕೆಂದು ಪೇಪರಿನಲ್ಲಿ ಬಂತು. ಹೊಳಿಯವ್ವನಿಗೆ ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಅರ್ಜಿಯ ಕಾಗದಗಳನ್ನು ನಾನೇ ಝೆರಾಕ್ಸ್ ಮಾಡಿಕೊಟ್ಟೆ, ಕರ್ರಗಾಗದಂತೆ. ಮಾಸ್ತರರಿಗೆ ಹೇಳದೆ ಹಾಕಿದ ಅರ್ಜಿ ಅದು. ಕರೆ ಬಂದಾಗ ಹೇಳಲೇಬೇಕಾಯಿತು. ಯಾಕೆಂದರೆ ಪರೀಕ್ಷೆ ಟೈಪ್‌ರೈಟರಿನಲ್ಲಲ್ಲ, ಕಂಪ್ಯೂಟರಿನಲ್ಲಿ.

"ಸರ್, ಪರೀಕ್ಷಾ ಮುಂದಿನ ವಾರ ಐತ್ರಿ" ಎಂದಳು ಹೊಳಿಯವ್ವ. "ದಿನಾ ಒಂದ್ ತಾಸು ಅದರ ಮುಂದ ಕುಂದರ್ತೇನ್ರಿ. ಕೈ ಕೂತ್ರ ಸಾಕು."

"ಶುಕ್ರವಾರ ಬರ್ಲಿ, ನೋಡೂಣಂತ" ಎಂದರು ಮಾಸ್ತರರು.

ನಾನು ಅಂಗಡಿ ಬಿಟ್ಟು ಎದ್ದು ಬಂದೆ. "ಅದನ್ನೇನು ಉಪ್ಪಿನಕಾಯಿ ಹಾಕ್ತೀರೇನ್ರಿ ಮಾಸ್ತರ್ರ? ಇಡೀ ಹರೇ ಇಲ್ಲೇ ಕಳದಾಳ ಆಕಿ. ಈ ಸಲ ತಪ್ಪಿದ್ರ ಮುಂದ ಅರ್ಜಿ ಹಾಕಾಕೂ ಬರಂಗಿಲ್ಲ, ಗೊತ್ತೈತಿಲ್ಲ ನಿಮಗ?" ಎಂದು ಕೂಗಾಡಿದೆ. ಟೈಪು ಮಾಡುತ್ತಿದ್ದ ಹುಡುಗರೆಲ್ಲ ಕೈ ನಿಲ್ಲಿಸಿದರು. ಮಾಸ್ತರರ ಮುಖ ಕೆಂಪಾಯಿತು. ಹೋಗಿ ಗವಸು ಎತ್ತಿದರು.

ಹೊಳಿಯವ್ವ ಸ್ವಿಚ್ಚು ಒತ್ತಿದಳು. ಒಳಗೆ ಫ್ಯಾನು ಗುಂಯ್ ಎಂದಿತು. ಒಮ್ಮೆ ಕೀಂಯ್ ಎಂದು ಕೂಗಿತು. ಕಪ್ಪು ಪರದೆಯ ಮೇಲೆ ಒಂದೆರಡು ಸಾಲು ಬಿಳಿ ಅಕ್ಷರ ಬಂದವು. ಅಷ್ಟೇ, ಅಲ್ಲಿಗೆ ನಿಂತುಬಿಟ್ಟಿತು. ಆರಿಸಿ ಹಚ್ಚಿದರೂ ಅದೇ, ಮತ್ತೆ ಹಚ್ಚಿದರೂ ಅದೇ.

"ಒಳಗಿನ ಡಿಸ್ಕು ಸಿಗವಲ್ದು ಅನ್ನಾಕತ್ತೈತ್ರಿ" ಎಂದು ಹೊಳಿಯವ್ವ ಓದಿ ಹೇಳಿದಳು.

"ಎಲ್ಲಿ ಹೋಗ್ತೈತಿ ಡಿಸ್ಕು? ಗವಸಿನೊಳಗ ಯಾರು ಕೈ ಹಾಕ್ಯಾರ?" ಎಂದೆ ನಾನು. ಝೆರಾಕ್ಸ್ ಮಶೀನಿನ ಹೊಟ್ಟೆ ಬಿಚ್ಚಿದವನಿಗೆ ಇದ್ಯಾವ ದೊಡ್ಡ ಮಾತು ಎಂಬ ಹಮ್ಮು ನನಗಿತ್ತು. ಪ್ಲಗ್ಗು ಅಲ್ಲಾಡಿಸಿದೆ. ನನ್ನ ಅಂಗಡಿಯಿಂದ ಉದ್ದನೆಯ ವೈರು ಎಳೆದು ಬೇರೆ ಕರೆಂಟು ಕೊಟ್ಟೆ. ಸ್ಟೆಬಿಲೈಸರು ಬದಲಿಸಿದೆ. ಹಿಂದಿನ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಗಿಸಿದೆ. ಏನೂ ಆಗದಾಗ ಮೇಲೆ ಎರಡು ಬಡಿದೆ. ಮಾಸ್ತರರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಅವರು ಊದಿನಕಡ್ಡಿ ಹಚ್ಚಿದರು. ನನ್ನ ಬಡಿತ, ಅವರ ಊದಿನಕಡ್ಡಿ ಎರಡಕ್ಕೂ ಅದು ಒಂದೇ ಉತ್ತರ ಕೊಟ್ಟಿತು.

ಹೊಳಿಯವ್ವ ಊರಿನ ಒಂದು ಸೆಂಟರಿಗೆ ಹೋಗಿ ಕೇಳಿ ಬಂದಳು. ಕೋರ್ಸಿಗೆ ಸೇರಿದವರಿಗಷ್ಟೇ, ಅದೂ ಎಲ್ಲ ಹೊತ್ತೂ ತುಂಬಿದೆ ಎಂದರಂತೆ. ಬ್ಯಾಡಗಿಯ ಮಹಮ್ಮದ್ ಹನೀಫನಿಗೆ ಫೋನು ಮಾಡಿದೆವು. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರ್ ರಿಪೇರಿ ಮಾಡುವವನು. ಆದರೆ ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ದಲಾಲಿ ಅಂಗಡಿಗಳ ಕಂಪ್ಯೂಟರುಗಳೆಲ್ಲ ಕಾರದ ಧೂಳು ಕುಡಿದು ಒಂದಾದ ಮೇಲೊಂದು ನಿಲ್ಲುತ್ತಿದ್ದವು. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತ ಆತ ಬಂದದ್ದು ಪರೀಕ್ಷೆಗೆ ಎರಡೇ ದಿನ ಉಳಿದಾಗ. ಅಷ್ಟೂ ದಿನ ಹೊಳಿಯವ್ವ ದಿನವೂ ಮುಂಜಾನೆ ಒಮ್ಮೆ ಸ್ವಿಚ್ಚು ಒತ್ತಿ, ಆ ಬಿಳಿ ಸಾಲುಗಳನ್ನು ನೋಡಿ, ಆರಿಸಿ, ಹುಡುಗರಿಗೆ ಕಲಿಸಲು ಹೋಗುತ್ತಿದ್ದಳು. ಅಯ್ಯೋ ಅಂದದ್ದನ್ನೂ ನಾನು ಕೇಳಲಿಲ್ಲ. ನೋಡಿ ನೋಡಿ ನನಗೇ ಸಾಕಾಗಿತ್ತು.

ಹನೀಫ್ ಮೆಟ್ಟಿಲು ಹತ್ತುವಾಗಲೇ ಸೀನುತ್ತ ಬಂದ. ಕಣ್ಣು ಕೆಂಪು, ಅಂಗಿಯ ಮಡಿಕೆಯಲ್ಲೆಲ್ಲ ಕಾರ. "ಕುಂದ್ರಿ ಹನೀಫಣ್ಣ, ಚಹಾ ತರಸ್ತೇನಿ" ಎಂದರೆ, "ಕುಂತ್ರ ಇಲ್ಲೇ ಮಲಗಿ ಬಿಡ್ತೇನ್ರಿ. ಮೊದಲ ಪೆಟಿಗಿ ಬಿಚ್ಚೂಣ" ಎಂದ. ಬ್ಯಾಡಗಿಯ ರೂಢಿಯಂತೆ ಬ್ರಶ್ಶು ಹಿಡಿದೇ ತಿರುಪು ಬಿಚ್ಚಿದ. ಮುಚ್ಚಳ ತೆಗೆದವನು ಬ್ರಶ್ಶು ಹಾಗೇ ಹಿಡಿದುಕೊಂಡು ನಿಂತ.

"ಒಳಗ ಧೂಳ ಇಲ್ಲಲ್ರಿ" ಎಂದ.

"ಹೆಂಗ ಇರ್ತೈತಿ?" ಎಂದರು ಮಾಸ್ತರರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರ ಮುಖ ಅರಳಿತ್ತು. "ಒಂದ್ ದಿನಾನೂ ತೆರದಿಟ್ಟಿಲ್ಲ."

ಧೂಳಿಲ್ಲದಿದ್ದರೂ ಹನೀಫ್ ಧೂಳಿನ ಔಷಧವನ್ನೇ ಮಾಡಿದ. ಅದೇ ಅವನಿಗೆ ಕೈವಶವಾದದ್ದು. ಒಳಗಿನ ಸರ್ಕಿಟ್ ಹಲಗೆಗಳನ್ನು ಒಂದೊಂದಾಗಿ ಕಿತ್ತು ಅವುಗಳ ಅಂಚಿಗೆ ಪೆನ್ಸಿಲಿನ ರಬ್ಬರು ತಿಕ್ಕಿ ಮತ್ತೆ ಕೂಡಿಸಿದ. ವೈರು ಬದಲಿಸಿದ. ಊಟದ ಹೊತ್ತು ದಾಟಿತು. ಡಿಸ್ಕಿಗೆ ಕಿವಿ ಹಚ್ಚಿ ಕೇಳಿ, "ಇದು ತಿರಗಾಕತ್ತೈತಿ, ಜೀವ ಐತಿ" ಎಂದ. ಜೀವ ಇದ್ದರೂ ಯಂತ್ರಕ್ಕೆ ಅದು ಸಿಗಲಿಲ್ಲ. ಹನೀಫ್ ಸೋತು ಕುರ್ಚಿಗೆ ಒರಗಿದ. ಒರಗಿದಲ್ಲಿಂದಲೇ ಪರದೆ ನೋಡುತ್ತಿದ್ದವನು ಎದ್ದು ಯಾವುದೋ ಕೀಲಿ ಒತ್ತಿದ. ನೀಲಿ ಬಣ್ಣದ ಒಂದು ಪುಟ ತೆರೆಯಿತು.

"ಇಸವಿ ನೋಡ್ರಿ ಇಲ್ಲಿ" ಎಂದ.

ನಾವೆಲ್ಲ ಬಗ್ಗಿದೆವು. ಪರದೆಯ ಮೂಲೆಯಲ್ಲಿ ಸಾವಿರದ ಒಂಬೈನೂರ ಎಂಬತ್ತನೆಯ ಇಸವಿಯ ಜನವರಿ ತಿಂಗಳಿತ್ತು. ಆ ಕಾಲದಲ್ಲಿ ಈ ಕೋಣೆಯಲ್ಲಿ ಕಲಿಯುವವರಿಗೆ ಕುಳಿತುಕೊಳ್ಳಲು ಜಾಗ ಸಿಗುತ್ತಿರಲಿಲ್ಲ ಎಂದು ಮಾಸ್ತರರು ಸುಮ್ಮನೆ ನೆನಪಿಸಿಕೊಂಡರು.

"ಕಡೀಕ ಯಾವಾಗ ಹಚ್ಚಿದ್ರಿ ಇದನ್ನ?" ಎಂದು ಹನೀಫ್ ಕೇಳಿದ.

"ದೀಪಾವಳಿಗೆ ಹಚ್ಚಿದ್ವಿರಿ" ಎಂದಳು ಹೊಳಿಯವ್ವ. "ಅದಕ್ಕೂ ಮುಂಚೆ ಬ್ಯಾಸಗ್ಯಾಗ."

"ಹಂಗಾರ ತಿಳೀತು ಬಿಡ್ರಿ. ಒಳಗ ಒಂದು ಸಣ್ಣ ಬ್ಯಾಟರಿ ಐತಿ. ಮಶೀನ್ ನಡಿಯೂ ಮುಂದ ಅದು ತುಂಬ್ಕೊಂತೈತಿ. ಇವತ್ತಿನ ತಾರೀಖು ಏನು, ಒಳಗಿರೋ ಡಿಸ್ಕು ಎಂಥಾದ್ದು, ಅದೆಲ್ಲಾ ನೆನಪಿಡೂದು ಆ ಬ್ಯಾಟರಿ ಮ್ಯಾಲ. ಮುಚ್ಚಿಟ್ಟಿರಿ, ಅದು ಬತ್ತಿ ಹೋತು. ಎಲ್ಲಾ ಮರತೈತಿ. ಡಿಸ್ಕು ಪಕ್ಕದಾಗ ಇದ್ರೂ ಗುರ್ತು ಹಿಡಿಯವಲ್ದು." ಆತ ಒಮ್ಮೆ ಜೋರಾಗಿ ಸೀನಿದ. "ಬ್ಯಾಡಗಿಯೊಳಗ ದುಡದು ದುಡದು ಕೆಡ್ತಾವ್ರಿ. ಇದು ಕುಂತು ಕೆಟ್ಟೈತಿ."

ಮಾಸ್ತರರ ಕೈಯಲ್ಲಿ ಮಖಮಲ್ಲಿನ ಗವಸು ಇತ್ತು. ಅದನ್ನು ಮಡಚುತ್ತ, ಬಿಚ್ಚುತ್ತ ನಿಂತಿದ್ದರು. "ಸವೀಬಾರ್ದು ಅಂತ ಮುಚ್ಚಿಟ್ಟಿದ್ದೆ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ಮುಚ್ಚಿಟ್ಟದ್ದು ಇದೊಂದನ್ನೇ ಅಲ್ಲ ಮಾಸ್ತರರೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೇಳುವ ಅಗತ್ಯ ಬೀಳಲಿಲ್ಲ. ಹೊಳಿಯವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಲ್ಲೇ ತೂಕಡಿಸುತ್ತಿದ್ದಳು, ಬೆರಳು ಅಲ್ಲಾಡುತ್ತಿದ್ದವು. ಮಾಸ್ತರರು ಅದನ್ನು ನೋಡಿದರು.

"ಹೊಳಿಯವ್ವ, ನೀ ಇಲ್ಲಿ ಬಂದು ಎಷ್ಟು ವರ್ಷ ಆತು?" ಎಂದು ಕೇಳಿದರು.

ಆಕೆ ಬೆಚ್ಚಿ ಕಣ್ಣು ತೆರೆದಳು. "ಎಣಿಸಿಲ್ರಿ ಸರ್" ಎಂದಳು.

ಹನೀಫ್ ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿ ನೋಡಿ ಅದರ ಅಳತೆಯ ಅಂಕಿಗಳನ್ನು ಆ ನೀಲಿ ಪುಟದಲ್ಲಿ ತುಂಬಿದ. ಯಂತ್ರ ಶುರುವಾಯಿತು. ಹೋಗುವ ಮುಂದೆ ಹೊಳಿಯವ್ವನಿಗೂ ತುಂಬುವ ರೀತಿ ತೋರಿಸಿಕೊಟ್ಟ. "ಬ್ಯಾಟರಿ ತುಂಬೂತನಕ ಕರೆಂಟ್ ಹೋದ್ರ ಮತ್ತ ಮರೀತೈತಿ. ಆಗ ಹಿಂಗ ಹಾಕ್ರಿ. ದಿನಾ ಹಚ್ರಿ, ದುಡಸ್ರಿ. ಅಷ್ಟ ಅದಕ್ಕ ಔಷಧ" ಎಂದು ಸೀನುತ್ತ ಇಳಿದು ಹೋದ.

ಮರುದಿನ ನಾನು ಅಂಗಡಿ ತೆಗೆದಾಗ ಮೈಲಾರೆಪ್ಪ ಮಾಸ್ತರರು ಮುಂಜಾನೆಯ ಹುಡುಗರ ಹಿಂದೆ ನಿಂತು ತಾವೇ ಪಾಠ ಮಾಡುತ್ತಿದ್ದರು. ಎಷ್ಟೋ ವರ್ಷದಿಂದ ಆ ಹೊತ್ತಿನಲ್ಲಿ ಅವರು ಬರುವುದನ್ನೇ ಬಿಟ್ಟಿದ್ದರು. ಹೊಳಿಯವ್ವ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಅವ್ವನನ್ನು ನೆರೆಮನೆಯ ಗುತ್ತೆವ್ವನಿಗೆ ಒಪ್ಪಿಸಿ ಬಂದಿದ್ದಳಂತೆ. ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಯಂತ್ರ ಎಲ್ಲ ಮರೆತಿತ್ತು. ಆಕೆ ಅಂಕಿಗಳನ್ನು ತುಂಬಿದಳು. ಮತ್ತೆ ಹೋಯಿತು, ಮತ್ತೆ ತುಂಬಿದಳು. ನಾನಾಗಿದ್ದರೆ ಕೆಇಬಿಗೆ ಹೋಗಿ ಹೊಡೆದಾಡಿ ಬರುತ್ತಿದ್ದೆ. ಆಕೆ ಕಣ್ಣು ಒರೆಸಿಕೊಂಡು ನಿಲ್ಲಿಸಿದ ಸಾಲಿನಿಂದ ಮುಂದುವರಿದಳು. ಅದು ಅಳುವೋ ಆಯಾಸವೋ ನನಗೆ ತಿಳಿಯಲಿಲ್ಲ. ಸಂಜೆ ಆಕೆ ರೂಢಿಯಂತೆ ಗವಸಿಗೆ ಕೈ ಚಾಚಿದಾಗ ಮಾಸ್ತರರು ಅದನ್ನು ಎತ್ತಿ ಗೋಡೆಯ ಮೊಳೆಗೆ ತೂಗುಹಾಕಿದರು.

ಪರೀಕ್ಷೆ ಮುಗಿಸಿ ಹಾವೇರಿಯಿಂದ ಬಂದವಳನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ, "ಹೆಂಗಾತ ತಂಗಿ?"

"ನಿದ್ದಿ ಬರಾಕತ್ತಿತ್ತು ಡಾಕಪ್ಪಣ್ಣ. ಹಂಗ ಹೊಡದು ಬಂದೆ" ಎಂದಳು. ಐರಣಿಯ ಬಸ್ಸು ಬಂತು, ಹತ್ತಿ ಹೋದಳು.

ನೇಮಕದ ಆದೇಶ ಬಂದದ್ದು ಮಳೆ ಶುರುವಾದ ಮೇಲೆ. ಆಕೆ ನೇರವಾಗಿ ಮಾಸ್ತರರ ಮೇಜಿನ ಮೇಲೆ ಕಾಗದ ಇಟ್ಟು ನಿಂತಳು. ನಾನು ಅಂಗಡಿಯ ಬಾಗಿಲಿಗೆ ಬಂದೆ. ಮಾಸ್ತರರು ಓದಿದರು. ಚಶ್ಮಾ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ಓದಿದರು.

"ಜೂನಿಯರ್ ಪರೀಕ್ಷಾ ಹತ್ರ ಬಂದೈತಿ ಹೊಳಿಯವ್ವ..." ಎಂದರು.

ಜಗಳಕ್ಕೆಂದು ನಾನು ಒಂದು ಕಾಲು ಹೊಸ್ತಿಲಾಚೆ ಇಟ್ಟೂ ಆಗಿತ್ತು. ಮಾಸ್ತರರ ಬಾಯಿ ಹಾಗೇ ತೆರೆದಿತ್ತು, ಮಾತು ಮುಂದೆ ಬರಲಿಲ್ಲ. ಹಳೆಯ ಮಾತು ರೂಢಿಯಿಂದ ಹೊರಬಿದ್ದದ್ದು ಅವರಿಗೇ ಕೇಳಿಸಿತ್ತು. ಗೋಡೆಯ ಮೇಲಿನ ಗವಸಿನ ಕಡೆ ಒಮ್ಮೆ ನೋಡಿದರು.

"ಬಂದ್ರ ಬರ್ಲಿ" ಎಂದರು. "ನೀ ಹೋಗು."

ಹೊಳಿಯವ್ವ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಕೆಲಸದ ಹೊತ್ತಿನಲ್ಲಿ ಆಕೆ ಹಾಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. ನಾನು ಒಳಗೆ ಹೋಗಿ ಯಾರೂ ಕೇಳದ ಒಂದು ಝೆರಾಕ್ಸ್ ತೆಗೆದು ಬಂದೆ.

"ಆದ್ರ ಇದನ್ನ ದಿನಾ ಹಚ್ಚೋರು ಯಾರು?" ಎಂದು ಮಾಸ್ತರರು ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ನೀ ಹ್ವಾದ ಮ್ಯಾಲ ಮತ್ತ ಎಲ್ಲಾ ಮರೀತೈತಿ."

"ನೀವ ಹಚ್ರಿ ಸರ್."

"ನನಗೇನು ತಿಳೀತೈತಿ ಇದರಾಗ?"

"ಬರ್ರಿ, ಕುಂದ್ರಿ" ಎಂದು ಆಕೆ ಎದ್ದು ಕುರ್ಚಿ ಎಳೆದಳು.

ಮಾಸ್ತರರು ಬಂದು ಕುಳಿತರು. ಸ್ವಿಚ್ಚು ಅವರ ಕೈಯಿಂದಲೇ ಒತ್ತಿಸಿದಳು. ಸಾವಿರಾರು ಮಂದಿಗೆ ಬೆರಳು ಕೂಡಿಸಿಕೊಟ್ಟ ಆ ಮನುಷ್ಯ, ಕತ್ತಲೆಯಲ್ಲಿಯೂ ಟೈಪು ಮಾಡಬಲ್ಲವರು, ಟೈಪ್‌ರೈಟರಿನಂತೆಯೇ ಜೋಡಿಸಿದ್ದ ಕೀಲಿಗಳ ಮೇಲೆ ಬಗ್ಗಿ ಒಂದೊಂದನ್ನೇ ಹುಡುಕತೊಡಗಿದರು. ಒಂದು ಬೆರಳು ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಹುಡುಗರು ನಗು ತಡೆದುಕೊಂಡಿದ್ದರು.

ಹೊಳಿಯವ್ವ ಮೊಳೆಯ ಮೇಲಿದ್ದ ಮಖಮಲ್ಲಿನ ಗವಸು ತೆಗೆದುಕೊಂಡಳು. ಹಿಂದೆ ಬಂದು ನಿಂತು ಅದನ್ನು ಮಾಸ್ತರರ ಎರಡೂ ಕೈಗಳ ಮೇಲೆ ಹೊದಿಸಿದಳು.

"ಕೆಳಗ ನೋಡಬ್ಯಾಡ್ರಿ, ಸರ್" ಎಂದಳು.

ಮಾಸ್ತರರು ತಲೆ ಎತ್ತಿದರು. ಗವಸಿನ ಕೆಳಗೆ ಬೆರಳು ಓಡತೊಡಗಿದವು. ಐರಣಿಯ ಬಸ್ಸಿಗೆ ಹೊತ್ತಾಗಿತ್ತು. ಆದರೂ ಆಕೆ ಪುಟ ಮುಗಿಯುವ ತನಕ ಅವರ ಹಿಂದೆಯೇ ನಿಂತಿದ್ದಳು.